ಸಂಸ್ಥಾನದ ಕಾರಕೂನರು ಮತ್ತು ಕನ್ನಡದ ಪಾಟಿ

ನನ್ನ ತವರು ಗಲಗಲಿ, ಕೃಷ್ಣಾ ಹೊಳೆಯ ದಂಡೆಯ ಊರು. ನಾನು ಹುಟ್ಟಿದಾಗ ಅದು ಇಂಗ್ಲಿಷರ ಮುಲುಕು. ಅಲ್ಲಿಂದ ಪಡುವಣಕ್ಕೆ ಚಕ್ಕಡಿ ಹೂಡಿದರೆ ಹೊತ್ತು ಏರುವುದರೊಳಗೆ ಜಮಖಂಡಿ ಸಂಸ್ಥಾನದ ಹದ್ದು ಬರುತ್ತಿತ್ತು, ತೆಂಕಣಕ್ಕೆ ಹೊರಳಿದರೆ ಮುಧೋಳ ಸಂಸ್ಥಾನದ ಹದ್ದು. ಮಹಾಲಿಂಗಪುರದ ಬೆಲ್ಲ ಮುಧೋಳದವರದು. ಬನಹಟ್ಟಿಯ ಮಗ್ಗ ಜಮಖಂಡಿಯವರದು. ಬನಹಟ್ಟಿಗೆ ಬೆನ್ನು ಹಚ್ಚಿಕೊಂಡೇ ಕೂತಿರುವ ರಬಕವಿ ಮಾತ್ರ ಸಾಂಗಲಿಯವರದು. ಬೀಳಗಿ ನಮ್ಮ ಹಾಗೆ ಇಂಗ್ಲಿಷರದು. ಒಂದೇ ಜೋಳದ ರೊಟ್ಟಿ ತಿನ್ನುವ ಜನಕ್ಕೆ ಇಷ್ಟೊಂದು ಧಣಿಗಳು. ನಮ್ಮಜ್ಜಿ ಇದನ್ನು ಕಂಡು ರೇಗುತ್ತಿದ್ದಳು.

"ಕೌದಿ ಹಂಗ ತುಂಡ ತುಂಡ ಐತಿ ನಮ್ಮ ಸೀಮಿ. ಕೌದಿ ಹೊಚಗೊಂಡ್ರ ಬೆಚ್ಚಗನರ ಆಕ್ಕೈತಿ. ಇದು ಬರೇ ಹೊಲಿಗಿ."

ಆ ಹೊಲಿಗೆ ಇದ್ದಲ್ಲೆಲ್ಲ ಒಂದು ನಾಕಾ. ನಾಕಾ ಅಂದರೆ ಜಕಾತಿ ವಸೂಲಿಯ ಕಟ್ಟೆ: ಒಂದು ಬೇವಿನ ಮರ, ದಾರಿಗೆ ಅಡ್ಡ ಕಟ್ಟಿದ ಬಿದಿರ ಗಳ, ಕಬ್ಬಿಣದ ಸರಳು ಹಿಡಿದ ಒಬ್ಬ ಮನುಷ್ಯ. ಅವನು ಜೋಳದ ಚೀಲಕ್ಕೆ ಸರಳು ಚುಚ್ಚಿ ನೋಡುವನು, ಬುತ್ತಿಯ ಗಂಟು ಬಿಚ್ಚಿಸುವನು. ಅಜ್ಜಿ ತೇರದಾಳದಲ್ಲಿದ್ದ ತನ್ನ ತಂಗಿಗೆ ಒಯ್ಯುತ್ತಿದ್ದ ಉಂಡಿಯ ಡಬ್ಬಿಯನ್ನೂ ಒಮ್ಮೆ ತೆಗೆಸಿ, ಕೈಗೆ ಸಿಕ್ಕಷ್ಟು ತಿಂದು, ಬಾಯಿ ಒರೆಸಿಕೊಂಡು ಗಳ ಎತ್ತಿದನಂತೆ. "ತಿಂದದ್ದಕ್ಕ ಬ್ಯಾಸರ ಇಲ್ಲ," ಅನ್ನುತ್ತಿದ್ದಳು ಅಜ್ಜಿ. "ಛಲೋ ಆಗ್ಯಾವು ಅಂತ ಒಂದ ಮಾತ ಅನಲಿಲ್ಲ ನೋಡು!"

ಹೆಂಗಸರು ನಾಕಾಕ್ಕೆ ಮದ್ದು ಕಂಡುಕೊಂಡಿದ್ದರು. ರಬಕವಿಯಲ್ಲಿ ಸೀರೆ ಕೊಂಡವಳು ಅದನ್ನು ಉಟ್ಟ ಸೀರೆಯ ಮೇಲೆಯೇ ಉಟ್ಟುಕೊಂಡು ಬನಹಟ್ಟಿಗೆ ದಾಟುವಳು. ಹೋಗುವಾಗ ಬಡಕಲಿಯಾಗಿ ಹೋದವಳು ಬರುವಾಗ ಮೈತುಂಬಿಕೊಂಡು ಬರುತ್ತಿದ್ದಳು. ನಾಕಾದವನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಉಟ್ಟ ಸೀರೆ ಬಿಚ್ಚು ಅನ್ನುವ ಧೈರ್ಯ ಯಾವ ಸಂಸ್ಥಾನಕ್ಕೂ ಇರಲಿಲ್ಲ.

ಸ್ವಾತಂತ್ರ್ಯ ಬಂತು, ಅದರ ಬೆನ್ನಿಗೇ ಸಂಸ್ಥಾನಗಳು ಹೋದವು. ಜಮಖಂಡಿ, ಮುಧೋಳ ಎಲ್ಲ ವಿಜಾಪುರ ಜಿಲ್ಲೆಯೊಳಗೆ ಸೇರಿ ಮುಂಬಯಿ ಸರಕಾರದ ಕೈಗೆ ಬಂದವು. ನಾಕಾದ ಬಿದಿರ ಗಳವನ್ನು ಯಾರೋ ಹಂದರಕ್ಕೆ ಒಯ್ದರು. ಎತ್ತುಗಳಿಗೆ ಮಾತ್ರ ಈ ಸುದ್ದಿಯನ್ನು ಯಾರೂ ಹೇಳಿರಲಿಲ್ಲ. ಕೆಲವು ವರ್ಷಗಳ ಮೇಲೆ ನನ್ನ ಮದುವೆಯ ಚಕ್ಕಡಿ ಆ ಬೇವಿನ ಮರದ ಹತ್ತಿರ ಬಂದಾಗ ನಮ್ಮ ಮುದಿ ಎತ್ತುಗಳು ತಾವಾಗಿಯೇ ನಿಂತುಬಿಟ್ಟವು. ಅಪ್ಪ ಬಾರಕೋಲು ಎತ್ತಿದರೂ ಜಗ್ಗಲಿಲ್ಲ. ಕೊನೆಗೆ ನಮ್ಮ ಸೋದರಮಾವ ಕೆಳಗಿಳಿದು, ಮುಂದೆ ಹೋಗಿ, ಇಲ್ಲದ ಗಳವನ್ನು ಎತ್ತಿದ ಹಾಗೆ ಕೈ ಮಾಡಿದ. ಎತ್ತುಗಳು ನಡೆದವು. ದಿಬ್ಬಣವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ, ಮದುವಣಗಿತ್ತಿ ಹಲ್ಲು ಕಾಣಿಸಬಾರದೆಂದು ಅಜ್ಜಿ ತೊಡೆ ಚಿವುಟಿದಳು.

ನಾನು ಸೊಸೆಯಾಗಿ ಬಂದ ಜಮಖಂಡಿಯ ಮನೆ ಕಾರಕೂನರ ಮನೆ. ಮಾವನವರು ಸಂಸ್ಥಾನದ ಕಚೇರಿಯಲ್ಲಿ ಹಳೆಯ ಕಾರಕೂನರು. ಸಂಸ್ಥಾನ ಹೋದ ಮೇಲೆ ಅದೇ ಕಟ್ಟಡಕ್ಕೆ ಮಾಮಲೇದಾರ ಕಚೇರಿ ಎಂಬ ಹೊಸ ಬೋರ್ಡು ಬಂತು, ಇವರು ಅದೇ ಗಾದಿಯ ಮೇಲೆ ಅದೇ ಡೆಸ್ಕಿನ ಮುಂದೆ ಕೂತರು. ಅವರು ಬರೆಯುತ್ತಿದ್ದುದು ಮರಾಠಿ, ಅದೂ ಮೋಡಿ ಲಿಪಿ. ಮೋಡಿ ಅಂದರೆ ಓಟದ ಬರಹ, ಬೋರು ಎಂಬ ಜೊಂಡಿನ ಲೆಕ್ಕಣಿಕೆ ಕಾಗದ ಬಿಟ್ಟು ಏಳದ ಹಾಗೆ ಬರೆಯುವುದು. ಮೊದಲು ಕಾಗದದ ಈ ಅಂಚಿನಿಂದ ಆ ಅಂಚಿನವರೆಗೆ ಗೆರೆ ಎಳೆದುಕೊಳ್ಳುವರು. ಆಮೇಲೆ ಅಕ್ಷರಗಳನ್ನು ಹಗ್ಗಕ್ಕೆ ಬಟ್ಟೆ ಒಣಹಾಕಿದ ಹಾಗೆ ಆ ಗೆರೆಗೆ ಜೋತು ಹಾಕುತ್ತ ಹೋಗುವರು. ನೋಡಲು ಚೆಂದವಿತ್ತು, ಸುಳ್ಳು ಹೇಳಬಾರದು.

ಸಂಸ್ಥಾನದಲ್ಲಿ ಕಚೇರಿ ಮರಾಠಿ, ಅವರು ಕಲಿತ ಶಾಲೆ ಮರಾಠಿ. ಮನೆಯಲ್ಲಿ ಮಾತ್ರ ಬೈಯುವುದು, ಜೋಗುಳ ಹಾಡುವುದು, ಕನಸಿನಲ್ಲಿ ಕನವರಿಸುವುದು ಎಲ್ಲ ಕನ್ನಡ. ಬಾಯಿಗೊಂದು ಭಾಷೆ, ಕೈಗೊಂದು ಭಾಷೆ. ಇದರಲ್ಲಿ ಸೋಜಿಗವೇನಿದೆ ಎಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಮಾವನವರಿಗೆ ಕನ್ನಡದಲ್ಲಿ ತಮ್ಮ ಹೆಸರು ಬರೆಯಲೂ ಬರುತ್ತಿರಲಿಲ್ಲ. ನನ್ನ ಗಂಡ ಅದೇ ಶಾಲೆಯಲ್ಲಿ ಕಲಿತವರು, ಬನಹಟ್ಟಿಯ ಒಂದು ನೂಲಿನ ಅಂಗಡಿಯಲ್ಲಿ ಗುಮಾಸ್ತರು. ಅವರು ಕನ್ನಡ ಓದುವುದು ಅಂಗಡಿಗಳ ಬೋರ್ಡು ಓದುವಷ್ಟು, ಅದೂ ಆ ಅಂಗಡಿಯಲ್ಲಿ ಏನು ಮಾರುತ್ತಾರೆಂದು ಮೊದಲೇ ಗೊತ್ತಿದ್ದರೆ.

ನಾನೋ, ಇಂಗ್ಲಿಷರ ಮುಲುಕಿನವಳು. ನಮ್ಮ ಕಡೆ ಕನ್ನಡ ಶಾಲೆ. ಅಪ್ಪ ಹಟ ಹಿಡಿದು ಓದಿಸಿ ಮುಲ್ಕಿ ಪರೀಕ್ಷೆಗೆ ಕೂಡಿಸಿದ್ದ. ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದ ಹುಡುಗಿ ಎಂದರೆ ಊರೇ ತಿರುಗಿ ನೋಡುತ್ತಿತ್ತು. ಮದುವೆಯ ಮಾತುಕತೆಯಲ್ಲಿ ಅಪ್ಪ ಅದನ್ನು ಹೇಳಿದಾಗ ಮಾವನವರು "ಇರಲಿ" ಅಂದಿದ್ದರಂತೆ. ಹುಡುಗಿಗೆ ಒಂದು ಕಣ್ಣು ಮೆಳ್ಳೆ ಅಂದರೂ ಅದೇ ದನಿಯಲ್ಲಿ "ಇರಲಿ" ಅನ್ನುತ್ತಿದ್ದರೇನೋ.

ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಲ್ಲುವ ಹಾಗಿಲ್ಲ, ಮಾತಾಡುವ ಹಾಗಂತೂ ಇಲ್ಲವೇ ಇಲ್ಲ. ಮಾವನವರು ಪಡಸಾಲೆಯಲ್ಲಿದ್ದರೆ ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ. ನನಗೆ ಹೇಳಬೇಕಾದ್ದನ್ನು ಅವರು ಅತ್ತೆಗೆ ಹೇಳುವರು, ಅತ್ತೆ ಕತ್ತು ಹೊರಳಿಸಿ ನನಗೆ ಹೇಳುವರು. ಎಲ್ಲರಿಗೂ ಮೊದಲೇ ಕೇಳಿಸಿರುತ್ತಿತ್ತು, ಆದರೂ ಅತ್ತೆ ಹೇಳಿದ ಮೇಲೆಯೇ ನಾನು ಕೇಳಿಸಿಕೊಳ್ಳಬೇಕು. ಅತ್ತೆ ಮನೆಯಲ್ಲಿ ಇಲ್ಲದಾಗ ಇಬ್ಬರೂ ಮೂಕರು.

ಒಂದು ಸಂಜೆ ಮಾವನವರು ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯದೆ ಸುಮ್ಮನಿದ್ದರು. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು. ಅತ್ತೆ ಅವಸರ ಮಾಡಿದರು.

"ಸರಕಾರದ ಹುಕುಂ ಬಂದೈತಿ," ಅಂದರು ಮಾವನವರು. "ವಿಜಾಪುರ ಜಿಲ್ಲಾ ಕನ್ನಡ ಜಿಲ್ಲಾ ಅಂತ. ಸಂಸ್ಥಾನದಾಗಿಂದ ಬಂದ ಕಾರಕೂನರು ಕನ್ನಡ ಓದಾಕ ಬರಿಯಾಕ ಪರೀಕ್ಷಾ ಕೊಡಬೇಕಂತ. ನಾಪಾಸ ಆದ್ರ ಮರಾಠಿ ಜಿಲ್ಲಾಕ್ಕ ಬದಲಿ."

"ಯಾವ ಊರಿಗ್ರಿ?"

"ಎಲ್ಲಿ ಜಾಗಾ ಖಾಲಿ ಇರತೈತಿ ಅಲ್ಲಿಗೆ. ರತ್ನಾಗಿರಿ ಅಂತ ಕಚೇರ್ಯಾಗ ಮಾತಾಡಾಕತ್ತಾರ."

"ಅಯ್ಯ ನಮ್ಮವ್ವಾ! ಈ ಮಣಕಾಲ ತಗೊಂಡ ನಾ ಸಮುದ್ರದ ದಂಡಿಗೆ ಹೆಂಗ ಹೋಗ್ಲಿ?"

"ನೀ ಬರೂದ ಬ್ಯಾಡ. ನೀ ಮಗನ ಕೂಡ ಇರು. ಸೊಸಿ ಬರ್ತಾಳ, ಅಡಗಿ ಮಾಡಿ ಹಾಕ್ತಾಳ."

ಬಾಗಿಲ ಮರೆಯಲ್ಲಿ ನನ್ನ ಕೈಯೊಳಗಿನ ಹಿಟ್ಟಿನ ಮುದ್ದೆ ಹಾಗೆಯೇ ನಿಂತಿತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಬನಹಟ್ಟಿಯಿಂದ ಸೈಕಲ್ಲಿನ ಮೇಲೆ ಮನೆಗೆ ಬರುವ ಹೊತ್ತಿಗೆ ನಾನು ಬಾಗಿಲಿಗೆ ಬರಲು ಏನಾದರೊಂದು ನೆವ ಹುಡುಕುತ್ತಿದ್ದ ದಿನಗಳು ಅವು. ಅವರನ್ನು ಇಲ್ಲಿ ಬಿಟ್ಟು, ಮೂರು ಹೊತ್ತೂ ಅನ್ನವನ್ನೇ ಉಣ್ಣುವ ನಾಡಿನಲ್ಲಿ, ಮಾತೇ ಆಡದ ಮಾವನ ಜೊತೆ, ನಡುವೆ ಮಾತು ಒಯ್ಯಲು ಅತ್ತೆಯೂ ಇಲ್ಲದೆ! ಇಬ್ಬರೂ ಮೂಕರಾಗಿ ಎಷ್ಟು ವರ್ಷ ಇರಬೇಕಿತ್ತೋ. ಒಬ್ಬನೇ ಮಗನ ಹೆಂಡತಿ ನಾನು, ಬೇರೆ ಸೊಸೆಯಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ, ಕೇಳುವ ರೂಢಿಯೂ ಇರಲಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನಾಕಾ ತೆಗೆದರೆಂದು ನಕ್ಕವಳಿಗೆ ಈಗ ಗಂಡನಿಗೂ ನನಗೂ ನಡುವೆಯೇ ಗಳ ಕಟ್ಟಲು ಹೊರಟಿದ್ದಾರಲ್ಲ ಎಂದು ಮುಂಬಯಿಯವರ ಮೇಲೆ ಸಿಟ್ಟು.

ಗಂಡ ಬಂದ ಮೇಲೆ ಅತ್ತೆ ಕೇಳಿದರು, "ಸಾಲಿ ಮಾಸ್ತರರ ಕಡೆ ಹೋಗಿ ಕಲತ್ರ ಆತಲ್ಲಪಾ?"

"ಊರ ಮಂದಿಗೆಲ್ಲಾ ಅರ್ಜಿ ಬರಕೊಟ್ಟ ಮನಷ್ಯಾ ಪಾಟಿ ಹಿಡಕೊಂಡ ಸಾಲಿಗೆ ಹೋಗತಾರೇನ?" ಅಂದರು ಗಂಡ.

ನಾನು ಒಳಗಿನಿಂದ ಅತ್ತೆಗೆ ಕೇಳುವಷ್ಟೇ ದನಿಯಲ್ಲಿ, ಅಂದರೆ ಪಡಸಾಲೆಗೆಲ್ಲ ಕೇಳುವ ಹಾಗೆ, "ಅತ್ತಿಯಾರ, ನಂದು ಕನ್ನಡ ಮುಲ್ಕಿ ಆಗೇತ್ರಿ" ಅಂದೆ. ಪುಣ್ಯ ಕಟ್ಟಿಕೊಳ್ಳಲು ಅಲ್ಲ, ರತ್ನಾಗಿರಿ ತಪ್ಪಿಸಿಕೊಳ್ಳಲು. ಮಾವನವರು ಎದ್ದು ಕೈ ತೊಳೆಯಲು ಹೋದರು. ಮರುದಿನ ಕಚೇರಿಯಿಂದ ಬಂದವರು ಹೊಸದೊಂದು ಪಾಟಿ, ಬಳಪದ ಪುಡಿಕೆ ತಂದು ಕಂಬದ ಹತ್ತಿರ ಇಟ್ಟು, ಕಂಬಕ್ಕೆ ಹೇಳಿದ ಹಾಗೆ ಹೇಳಿದರು: "ಉಂಡ ಮ್ಯಾಲ ಬೆಳಕ ಇರತೈತಿ."

ಹೀಗೆ ಶುರುವಾಯಿತು. ಹೊತ್ತಿಗೆ ಮುಂಚೆ ಉಣ್ಣುವ ಮನೆಯಲ್ಲಿ ಉಂಡಾದ ಮೇಲೆ ಕತ್ತಲಾಗುವ ತನಕ ಒಂದಿಷ್ಟು ಹೊತ್ತು ಉಳಿಯುತ್ತದೆ. ನಾನು ಅಡುಗೆಮನೆಯಲ್ಲಿ ಪಾಟಿಯ ಮೇಲ್ಭಾಗದಲ್ಲಿ ಅಕ್ಷರ ಬರೆದು ಕೊಡುವೆ, ಅತ್ತೆ ಅದನ್ನು ಪಡಸಾಲೆಗೆ ಒಯ್ಯುವರು, ಮಾವನವರು ಕೆಳಗೆ ತಿದ್ದುವರು, ಅತ್ತೆ ಮರಳಿ ತರುವರು. ತಪ್ಪಿದ್ದರೆ ಮತ್ತೆ ಒಯ್ಯುವರು. ಒಯ್ಯುವಾಗ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ನಾನು ಹೇಳಿದ್ದು ಮಾವನವರಿಗೆ "ಕೇಳಿಸುವ" ಹಾಗಿಲ್ಲ.

"ನನ್ನ ಟಪಾಲಿನಾಕೀನ್ನ ಮಾಡೀರಿ," ಎಂದು ಅತ್ತೆ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. ಆದರೆ ಟಪಾಲಿನವರಂತೆ ಇದ್ದದ್ದನ್ನು ಇದ್ದ ಹಾಗೆ ಮುಟ್ಟಿಸುವ ಜಾತಿಯಲ್ಲ ಅವರು. ನಾನು "ಪೂರಾ ತಪ್ಪೇತ್ರಿ, ಮತ್ತ ಬರೀಬೇಕಂತ ಹೇಳ್ರಿ" ಅಂದರೆ, ಪಡಸಾಲೆಗೆ ಹೋಗಿ "ಭಾಳ ಛಲೋ ಬರದೀರಂತ, ಒಂದೀಟ ತಿದ್ದಬೇಕಂತ" ಅನ್ನುವರು. ಅಲ್ಲಿಂದ ಮಾವನವರು "ಈ ಪೋರಿಗೇನ ಗೊತ್ತ ಬರಿಯೂದು!" ಎಂದು ಗುಡುಗಿದರೆ, ನನ್ನ ಹತ್ತಿರ ಬಂದು "ಹೂಂ ಅಂದ್ರವಾ" ಅನ್ನುವರು. ಎರಡು ಸಂಸ್ಥಾನಗಳ ನಡುವೆ ಅತ್ತೆಯಂಥ ವಕೀಲರು ಇದ್ದಿದ್ದರೆ ಜಗಳಗಳೇ ಆಗುತ್ತಿರಲಿಲ್ಲ.

ಮಾವನವರು ದಡ್ಡರಲ್ಲ. ವರ್ಣಮಾಲೆಯ ಸಾಲು ಮರಾಠಿಯದೂ ಅದೇ, ನಮ್ಮದೂ ಅದೇ. ಅಕ್ಷರಗಳನ್ನು ಬೇಗ ಹಿಡಿದರು. ಪುಸ್ತಕದ ಕನ್ನಡ ಕಂಡರೆ ಮಾತ್ರ ಅವರಿಗೆ ಮೈ ಉರಿಯುತ್ತಿತ್ತು. "ಹೋಗುತ್ತಿದ್ದೇನೆ ಅಂತ! ಇಷ್ಟ ಉದ್ದ ಹೇಳೂದ್ರಾಗ ಮನಷ್ಯಾ ಹೋಗಿ ಬಂದಿರ್ತಾನ." ಆದರೂ ಬಾಯಿಪಾಠ ಮಾಡಿದರು. ಓದುವುದೂ ಬಂತು, ಮರಾಠಿ ಪುರಾಣ ಓದುವ ರಾಗದಲ್ಲಿ. ಪಾಟಿಯ ಮೇಲೆ ಎಲ್ಲ ಸರಿಹೋಯಿತು. ಗಂಡಾಂತರ ಬಂದದ್ದು ಪಾಟಿ ಬಿಟ್ಟು ಕಾಗದಕ್ಕೆ ಬಂದಾಗ.

ನಮ್ಮ ಮಾಸ್ತರರು ಮುಲ್ಕಿಗೆ ಮುಂಚೆ ನಮ್ಮಿಂದ ಬರೆಸಿದ್ದ ಹಾಗೆ ನಾನು "ನಮ್ಮ ಊರು" ಎಂದು ನಿಬಂಧ ಬರೆಯಲು ಹೇಳಿಕಳಿಸಿದೆ. ಕಾಗದ, ಬೋರು, ಮಸಿ ಮುಂದೆ ಬಂದಿದ್ದೇ ತಡ, ಮಾವನವರ ಕೈಗೆ ಹಳೆಯ ಧೈರ್ಯ ಬಂತು. ಸರ್ರನೆ ಅಂಚಿನಿಂದ ಅಂಚಿಗೆ ಗೆರೆ ಎಳೆದರು. ಒಂದರ ಕೆಳಗೊಂದು, ಹಾಳೆ ತುಂಬ. ಆಮೇಲೆ ಕನ್ನಡದ ಅಕ್ಷರಗಳನ್ನು ಆ ಗೆರೆಗೆ ಜೋತು ಹಾಕಿದರು. ಕನ್ನಡದ ಅಕ್ಷರಕ್ಕೆ ಅದರದೇ ತಲೆಕಟ್ಟು ಇದೆ. ಗುಡಿಸು, ಏತ್ವ ಎಲ್ಲ ತಲೆಯ ಮೇಲೆಯೇ ಕೂಡುವುದು. ಅಷ್ಟೂ ಆ ಗೆರೆಯೊಳಗೆ ಹೂತುಹೋಗಿ, ಅತ್ತೆ ತಂದು ಕೊಟ್ಟ ಹಾಳೆಯಲ್ಲಿ ಕಿ ಯಾವುದು, ಕೆ ಯಾವುದು, ಕ ಯಾವುದು ಒಂದೂ ತಿಳಿಯುತ್ತಿರಲಿಲ್ಲ. ಮರಳಿ ಕಳಿಸಿದೆ. ಮತ್ತೆ ಗೆರೆ. ಮತ್ತೆ ಕಳಿಸಿದೆ. ಮತ್ತೆ ಗೆರೆ. ಗೆರೆ ಎಳೆಯಬೇಡಿ ಎಂಬುದನ್ನು ಅತ್ತೆ ಅದೆಷ್ಟು ಮೆತ್ತಗೆ ಮಾಡಿ ಮುಟ್ಟಿಸುತ್ತಿದ್ದರೋ ದೇವರೇ ಬಲ್ಲ. ದಿನಗಳು ಹೋಗುತ್ತಿದ್ದವು, ಪರೀಕ್ಷೆ ಹತ್ತಿರ ಬರುತ್ತಿತ್ತು. ಗೆರೆ ಮಾತ್ರ ಹೋಗಲಿಲ್ಲ. ಅದು ಹಟವಲ್ಲ, ಅಷ್ಟು ವರ್ಷ ಸಂಸ್ಥಾನದ ಕಾಗದ ಬರೆದ ಕೈಗೆ ಗೆರೆಯಿಲ್ಲದ ಹಾಳೆ ಹಾಳೆಯೇ ಅಲ್ಲ.

ಒಂದು ಸಂಜೆ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮಾವನವರು ಹಾಳೆ ತೆಗೆದರು, ಬೋರು ಅದ್ದಿದರು, ಸರ್ರನೆ ಗೆರೆ ಎಳೆದರು. ನನ್ನ ಕಣ್ಣ ಮುಂದೆ ರತ್ನಾಗಿರಿ ಬಂದು ನಿಂತಿತು.

"ಅಕ್ಷರ ಜೋತ ಬೀಳಬಾರದ್ರಿ!" ಎಂದು ಚೀರಿದೆ. "ಕುಂದ್ರಬೇಕ್ರಿ! ಗೆರಿ ಎಳದ್ರ ಎಳೀರಿ, ಅದರ ಮ್ಯಾಲ ಕುಂದರ್ಸ್ರಿ! ಅದು ಹಗ್ಗ ಅಲ್ರಿ, ನೆಲಾ!"

ನನ್ನ ದನಿ ಆ ಮನೆಯ ಪಡಸಾಲೆಗೆ ನೇರವಾಗಿ ಹೋದದ್ದು ಅದೇ ಮೊದಲು. ಅತ್ತೆ ನನ್ನ ಕಡೆ ನೋಡಿದರು, ಮಾವನವರ ಕಡೆ ನೋಡಿದರು, ಮೆತ್ತಗೆ ಮಾಡಲು ಅವರಿಗೆ ಏನೂ ಉಳಿದಿರಲಿಲ್ಲ. ಅವತ್ತೇ ನನ್ನನ್ನು ಗಲಗಲಿಗೆ ಕಳಿಸುತ್ತಾರೆ ಅಂದುಕೊಂಡೆ. ರತ್ನಾಗಿರಿಗಿಂತ ಅದೇ ವಾಸಿ ಎಂದೂ ಅನ್ನಿಸಿತು. ಮಾವನವರು ತುಸು ಹೊತ್ತು ಬೋರನ್ನು ಗಾಳಿಯಲ್ಲೇ ಹಿಡಿದಿದ್ದರು. ಆಮೇಲೆ ಬಗ್ಗಿ, ಆ ಗೆರೆಯ ಮೇಲೆ ಒಂದೊಂದೇ ಅಕ್ಷರ ಕೂಡಿಸತೊಡಗಿದರು, ಹಸುಗೂಸನ್ನು ಮಣೆಯ ಮೇಲೆ ಕೂಡಿಸುವಷ್ಟು ಜೋಕೆಯಿಂದ.

ಆ ಹಾಳೆ ಒಳಗೆ ಬಂದಾಗ ಮೊದಲ ಸಲ ನನಗೆ ಅವರ ನಿಬಂಧ ಓದಲು ಬಂತು. "ನಮ್ಮ ಊರಿನ ಸರಕಾರ ನಮ್ಮ ಊರಲ್ಲೇ ಇತ್ತು. ಅರ್ಜಿ ಹಿಡಿದು ನಡೆದುಹೋಗುತ್ತಿದ್ದೆವು. ಸಿಟ್ಟು ಬಂದರೆ ಸರಕಾರದ ಮುಖ ನೋಡಿ ಬರುತ್ತಿದ್ದೆವು. ಈಗ ಸರಕಾರ ಮುಂಬಯಿಯಲ್ಲಿ ಇದೆ. ಮುಖ ಇಲ್ಲ, ಹುಕುಂ ಇದೆ. ಆದರೆ ನಾಕಾ ಇಲ್ಲ, ಇದು ಒಳ್ಳೆಯದು." ಅಲ್ಲಿಯವರೆಗೆ ನಾನು ಸಂಸ್ಥಾನವೆಂದರೆ ಅಜ್ಜಿಯ ಉಂಡಿ ತಿಂದವನು ಎಂದಷ್ಟೇ ತಿಳಿದಿದ್ದೆ. ಈ ಮನುಷ್ಯ ಅದನ್ನು ಪ್ರೀತಿಸಿದ್ದರು. ಅದು ಹೋಯಿತು, ಅದರ ಲಿಪಿಯೂ ಹೋಯಿತು, ಈಗ ಸೊಸೆಯ ಪಾಟಿಯ ಮುಂದೆ ಕೂತಿದ್ದಾರೆ. ಎರಡು ಕಡೆ ಮಾತ್ರ ತಿದ್ದಿ, "ಖರೇನ ಛಲೋ ಆಗೇತಿ ಅಂತ ಹೇಳ್ರಿ, ಇದನ್ನ ನೀವು ಬದಲ ಮಾಡಬ್ಯಾಡ್ರಿ" ಎಂದು ಅತ್ತೆಗೆ ಹೇಳಿದೆ.

ಪರೀಕ್ಷೆ ವಿಜಾಪುರದಲ್ಲಿ. ಬಳ್ಳೊಳ್ಳಿ ಹಾಕದೆ ಕುಟ್ಟಿದ ಶೇಂಗಾ ಹಿಂಡಿಯ ಚಟ್ನಿ, ಒಣಗಿದ ಕಟಿ ರೊಟ್ಟಿ ಕಟ್ಟಿಕೊಟ್ಟೆ. ಮಾವನವರು ಬಸ್ಸು ಹತ್ತಿ, ನಾವೆಯಲ್ಲಿ ಹೊಳೆ ದಾಟಿ ಹೋದರು. ಮರುದಿನ ತಿರುಗಿ ಬಂದಾಗ ಮುಖ ಬಾಡಿತ್ತು. ಅತ್ತೆಗೆ ಹೇಳಿದರು, ಎಂದಿಗಿಂತ ದೊಡ್ಡ ದನಿಯಲ್ಲಿ, ಅಡುಗೆಮನೆಗೆ ಕೇಳಲೆಂದೇ.

"ಓದೂದ ಆತು. ಸಾಹೇಬರು ನಿಮ್ಮ ಊರ ಬಗ್ಗೆ ಹೇಳ್ರಿ ಅಂದ್ರು, ಎತ್ತು ನಾಕಾದ ಮುಂದ ನಿಂತದ್ದ ಹೇಳಿದೆ. ಭಾಳ ನಕ್ಕರು. ಬರಿಯೂದ್ರಾಗ ಹಾಳಿ ಕೊಟ್ರು. ಕೊಟ್ಟಕೂಡ್ಲೇ ಕೈ ತನ್ನಷ್ಟಕ್ಕ ತಾನ ಗೆರಿ ಹೊಡದಬಿಡ್ತು. ಹಾಳಿ ತುಂಬ. ಎದಿ ಧಸಕ್ ಅಂತು. ಇನ್ನೊಂದ ಹಾಳಿ ಕೊಡೂದಿಲ್ಲಂದ್ರು."

"ಮತ್ತೇನ ಮಾಡಿದ್ರಿ?"

"ಏನ ಮಾಡೂದು. ನೆಲಾ ಅಂತ ತಿಳಕೊಂಡೆ. ಮ್ಯಾಲ ಕುಂದರ್ಸಿದೆ. ಒಂದೊಂದ ಅಕ್ಷರ ಕುಂದರ್ಸಿ ಕುಂದರ್ಸಿ ಹೊತ್ತಾತು. ಕಡೀ ಪ್ರಶ್ನೆ ಉಳೀತು."

ಆಮೇಲಿನ ಕಾಯುವಿಕೆ ಬಲು ಕೆಟ್ಟದ್ದು. ಅತ್ತೆ ನನ್ನೊಡನೆ ಯಾವ ಪಾತ್ರೆ ರತ್ನಾಗಿರಿಗೆ, ಯಾವುದು ಇಲ್ಲಿಗೆ ಎಂದು ಒಂದೊಂದನ್ನೇ ಬೇರೆ ಇಡತೊಡಗಿದರು. ತಾಮ್ರದ ಹಂಡೆಯ ಮೇಲೆ ನಮಗೆ ಜಗಳವೂ ಆಯಿತು. ಅಲ್ಲಿ ಸೆಕೆ, ಬಿಸಿನೀರು ಯಾಕೆ ಅಂತ ನಾನು, ಮುದುಕರ ಮೈಗೆ ಬೇಕು ಅಂತ ಅವರು. ಗಂಡ ಬನಹಟ್ಟಿಯಿಂದ ಬಂದು ಸುಮ್ಮನೆ ಹಗ್ಗದ ಮಂಚದ ಮೇಲೆ ಕೂಡುವರು. ನಾನು ನೀರು ಕೊಡಲು ಹೋದರೆ ತಂಬಿಗೆಯ ಜೊತೆ ಕೈಯನ್ನೂ ಹಿಡಿದು ಬಿಡುತ್ತಿರಲಿಲ್ಲ. ಪಾಟಿಯನ್ನು ಯಾರೂ ಮುಟ್ಟಲಿಲ್ಲ, ಅದು ಕಂಬದ ಹತ್ತಿರ ಗೂಡಿನಲ್ಲಿ ಧೂಳು ತಿನ್ನುತ್ತಿತ್ತು.

ಅತ್ತೆ ಬಸದಿಗೆ ಹೋಗಿದ್ದ ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಮಾವನವರು ಎಂದಿಗಿಂತ ಬೇಗ ಬಂದರು. ಕೆರ ಬಿಟ್ಟ ಸಪ್ಪಳ, ರುಮಾಲು ಗೂಟಕ್ಕೆ ಹಾಕಿದ ಸಪ್ಪಳ. ಆಮೇಲೆ ಅತ್ತಿಂದಿತ್ತ ನಡೆದಾಡುವ ಸಪ್ಪಳ. ಏನೋ ಆಗಿದೆ ಎಂದು ತಿಳಿಯಿತು. ಆದರೆ ಹೇಳುವವರು ಯಾರು, ಕೇಳುವವರು ಯಾರು? ಟಪಾಲಿನವರು ದೇವರ ಮುಂದೆ ಕೂತಿದ್ದರು. ಮಾವನವರು ಕೆಮ್ಮಿದರು. ನಾನು ಇಲ್ಲಿದ್ದೇನೆಂದು ತಿಳಿಸಲು ತಟ್ಟೆ ಬಡಿದೆ. ಮತ್ತೆ ಕೆಮ್ಮಿದರು. ಮತ್ತೆ ತಟ್ಟೆ ಬಡಿದೆ.

ಬಳಪ ಉಜ್ಜುವ ಸದ್ದು ಕೇಳಿತು. ನಿಧಾನವಾಗಿ, ನಿಂತು ನಿಂತು. ಆಮೇಲೆ ಮಾವನವರ ಹೆಜ್ಜೆ ಅಡುಗೆಮನೆಯ ಬಾಗಿಲವರೆಗೆ ಬಂದು, ಏನನ್ನೋ ಹೊಸ್ತಿಲ ಮೇಲೆ ಇಟ್ಟು, ಹಿಂದೆ ಹೋಯಿತು. ಸೆರಗು ಎಳೆದುಕೊಂಡು ಹೋಗಿ ನೋಡಿದೆ. ಪಾಟಿ. ಅದರ ಮೇಲೆ, ಗೆರೆಯಿಲ್ಲದೆ, ದಪ್ಪ ಅಕ್ಷರಗಳು: "ಪಾಸ ಆತು. ನಾವು ಎಲ್ಲಿಗೂ ಹೋಗೂದಿಲ್ಲ."

ಪುಸ್ತಕದ ಕನ್ನಡ ಅಲ್ಲ, ನಮ್ಮದೇ. ಹಿಟ್ಟಿನ ಕೈಯಲ್ಲೇ ಪಾಟಿಯನ್ನು ಎದೆಗೆ ಒತ್ತಿಕೊಂಡು ಬಾಗಿಲಿಗೆ ಒರಗಿ ಅತ್ತುಬಿಟ್ಟೆ. ಎದೆಯ ಮೇಲಿನ ಬೀಸುಕಲ್ಲು ಇಳಿಸಿದ ಹಾಗಾಗಿತ್ತು. ಮುಂದೆ ಕೆಲವೇ ವರ್ಷಕ್ಕೆ ನಮ್ಮ ಊರೇ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಹೋಯಿತು. ಸಂಸ್ಥಾನದ ಹಳೆಯ ಮೋಡಿ ಕಾಗದ ಓದಿ ಕನ್ನಡದಲ್ಲಿ ಬರೆದುಕೊಡಬಲ್ಲವರು ಕಚೇರಿಯಲ್ಲಿ ಮಾವನವರೊಬ್ಬರೇ ಆಗಿ, ನೌಕರಿ ಮುಗಿದ ಮೇಲೂ ಮನೆಗೆ ಕರೆಯಲು ಬರುತ್ತಿದ್ದರು. ಊರು ಎಲ್ಲೆಲ್ಲಿಗೋ ಹೋಯಿತು, ನಾವು ಹೋಗಲಿಲ್ಲ. ಆದರೆ ಆ ಸಂಜೆ ನನಗೆ ಅದೆಲ್ಲ ಎಲ್ಲಿ ಗೊತ್ತಿತ್ತು? ಗಂಡ ಬರುವ ಹೊತ್ತಾಯಿತಲ್ಲ ಎಂಬುದಷ್ಟೇ ಗೊತ್ತಿತ್ತು.

ಅಷ್ಟರಲ್ಲಿ ಅತ್ತೆ ಬಸದಿಯಿಂದ ಬಂದರು. ಪಡಸಾಲೆಯಲ್ಲಿ ತಮ್ಮ ಗಂಡ ಕಂಬ ಹಿಡಿದು ನಿಂತಿದ್ದಾರೆ, ಬಾಗಿಲಲ್ಲಿ ಸೊಸೆ ಅಳುತ್ತಿದ್ದಾಳೆ. ಕೈಯಲ್ಲಿದ್ದ ಅಕ್ಕಿಯ ಬಟ್ಟಲನ್ನು ಅಲ್ಲೇ ಕೆಳಗಿಟ್ಟರು.

"ಹೋಗೂದ ಆತೇನ್ರಿ?"

ಉತ್ತರಕ್ಕೆ ಕಾಯದೆ ಅತ್ತೆ ಒಮ್ಮೆ ಮಾವನವರನ್ನು, ಒಮ್ಮೆ ನನ್ನನ್ನು ನೋಡಿ, ನಾನು ಎದೆಗೆ ಒತ್ತಿಕೊಂಡಿದ್ದ ಪಾಟಿಯನ್ನು ಕಸಿದುಕೊಂಡು ಬೆಳಕಿಗೆ ಹಿಡಿದರು.

"ಪಾ... ಸ. ಆ... ತು. ನಾ... ವು. ಎ... ಲ್ಲಿ... ಗೂ." ಅತ್ತೆಯ ಬೆರಳು ಅಕ್ಷರದಿಂದ ಅಕ್ಷರಕ್ಕೆ ಸರಿಯಿತು. "ಹೋ... ಗೂ... ದಿ... ಲ್ಲ. ಹೋಗೂದಿಲ್ಲ!"

ಅತ್ತೆ ಶಾಲೆಯ ಮೆಟ್ಟಿಲು ಕಂಡವರಲ್ಲ. ಮರಾಠಿಯೂ ಇಲ್ಲ, ಕನ್ನಡವೂ ಇಲ್ಲ, ಹೆಬ್ಬೆಟ್ಟಿನವರು. ಮಾವನವರು ಕಂಬ ಬಿಟ್ಟು ಮುಂದೆ ಬಂದರು. ಹೆಂಡತಿಯ ಮುಖ ನೋಡಿದರು, ಪಾಟಿ ನೋಡಿದರು, ಆಮೇಲೆ ನನ್ನ ಕಡೆ ತಿರುಗಿ, ನಡುವೆ ಯಾರನ್ನೂ ಇಟ್ಟುಕೊಳ್ಳದೆ ನನಗೇ ಕೇಳಿದರು:

"ಇಕೀಗಿ ಯಾವಾಗ ಕಲಿಸಿದೆವಾ?"

"ನಾ ಕಲಿಸಿಲ್ರಿ ಮಾವಾರ," ಅಂದೆ. "ಪಾಟಿ ತಗೊಂಡ ಅಡ್ಡಾಡಿ ಅಡ್ಡಾಡಿ ಅವರ ಕಲತಾರ್ರಿ."

ಆಡಿದ ಮೇಲೆಯೇ ಇಬ್ಬರಿಗೂ ತಿಳಿದದ್ದು. ಮಾವನವರು ಕಂಬದ ಕಡೆ ನೋಡಿದರು, ನಾನು ನೆಲ ನೋಡಿದೆ. ಒಳಗೆ ಹೆಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು. ಅತ್ತೆ ಮಾತ್ರ ಪಾಟಿ ಹಿಡಿದುಕೊಂಡೇ, ಇಬ್ಬರ ನಡುವೆ, ಹೊಸ್ತಿಲ ಮೇಲೆ ಕಾಲು ಚಾಚಿ ಕೂತುಬಿಟ್ಟರು.

"ನೀವು ನೀವ ಮಾತಾಡಾಕತ್ತೀರಿ. ಇನ್ನ ನನ್ನ ಮಣಕಾಲ ಉಳದೂವು."